ರಾಜೇಸಾಬನ ಕೈಗೆ ನಾನು ಹೇಳಿದ ಉಪಾಯ

ಸೋಮವಾರ ಬೆಳಗ್ಗೆ ಅಂಗಡಿಯ ಷಟರ್ ಎತ್ತಲು ಹೋದರೆ ಮೆಟ್ಟಿಲ ಮೇಲೆ ರಾಜೇಸಾಬ ಕೂತಿದ್ದ. ಎರಡೂ ಕೈಗೆ ಪ್ಲಾಸ್ಟಿಕ್ ಚೀಲ. ಮಣಿಕಟ್ಟಿನ ಹತ್ತಿರ ನೂಲು ಸುತ್ತಿ ಕಟ್ಟಿತ್ತು. ಚೀಲ ನನ್ನದೇ ಅಂಗಡಿಯದು, ಮೇಲೆ ನನ್ನದೇ ಹೆಸರು.

“ಏನೋ ಇದು ವೇಷ?” ಅಂತ ನಗುತ್ತ ಕೇಳಿದೆ.

ಅವನು ನಗಲಿಲ್ಲ. “ಬಿಚ್ಚಿ ನೋಡ್ರಿ ಅಕ್ಕಾರ. ನನಗ ಬಿಚ್ಚಾಕ ಬರವಲ್ದು.”

ಬಿಚ್ಚಿದೆ. ಬಿಚ್ಚಬಾರದಿತ್ತು ಅನ್ನಿಸಿತು. ಬೆರಳುಗಳು ಊದಿ ಒಂದಕ್ಕೊಂದು ತಾಗಿದ್ದವು. ಅಂಗೈ ಕೆಂಪಗೆ, ಎಣ್ಣೆ ಹಚ್ಚಿದ ಹಾಗೆ ಮಿಂಚುತ್ತಿತ್ತು. ಬೆರಳ ಸಂದುಗಳಲ್ಲಿ ಚರ್ಮ ಬಿರಿದು ಒಳಗಿನ ಹಸಿ ಕಾಣುತ್ತಿತ್ತು. ಹಿಂಗೈ ಮೇಲೆ ಸಾಬಕ್ಕಿಯಂತೆ ನೀರುಗುಳ್ಳೆ.

ಒಂದು ಮಾತ್ರ ಸರಿಯಾಗಿತ್ತು. ಕೈಯಲ್ಲಿ ಒಂದು ಹನಿ ಬಣ್ಣ ಇರಲಿಲ್ಲ. ಮೂವತ್ತು ವರ್ಷಗಳಲ್ಲಿ ಮೊದಲ ಸಲ ರಾಜೇಸಾಬನ ಕೈ ಸ್ವಚ್ಛವಾಗಿತ್ತು.

ಸ್ವಚ್ಛ ಮಾಡುವ ಉಪಾಯ ಹೇಳಿಕೊಟ್ಟವಳು ನಾನು.

ಈ ಅಂಕಣ ಓದುವವರಿಗೆ ನನ್ನ ಗುಣ ಗೊತ್ತು. ಕೇಳಿದವರಿಗೆ ಒಂದು ಸಲಹೆ ಕೊಡುತ್ತೇನೆ, ಕೇಳದವರಿಗೆ ಎರಡು. ತಲೆಯ ಮೇಲೆ ಸೀರೆ ಗಂಟು ಹೊತ್ತು, ಇಳಕಲ್ಲಿನಿಂದ ಬಸ್ಸಿನಲ್ಲಿ ಬಾಗಲಕೋಟೆಯ ನವನಗರಕ್ಕೆ ಹೋಗಿ, ಸೆಕ್ಟರ್ ಸೆಕ್ಟರ್ ತಿರುಗಿ ಮಾರಿ ಬೆಳೆದವಳು. ಚೌಕಾಸಿಯೇ ನನ್ನ ಹೊಟ್ಟೆ ತುಂಬಿಸಿದ್ದು. ಒಂದು ವಸ್ತುವಿನ ಬೆಲೆ ಇಳಿಸುವುದು ಹೇಗೆ, ಒಂದು ಕೆಲಸ ಬೇಗ ಮುಗಿಸುವುದು ಹೇಗೆ, ಇದನ್ನು ನನ್ನ ಕೇಳಿ. ಇಷ್ಟು ದಿನ ಹೀಗೆಯೇ ಹೇಳುತ್ತಿದ್ದೆ.

ರಾಜೇಸಾಬ ನನಗೆ ನೂಲು ಬಣ್ಣ ಹಾಕಿಕೊಡುವವನು. ನನ್ನ ಅಂಗಡಿಯ ನೀಲಿ ಸೀರೆ ಬೇರೆ ಎಲ್ಲಿಯೂ ಸಿಗದು ಅಂತ ಗಿರಾಕಿಗಳು ಹೇಳುತ್ತಾರಲ್ಲ, ಆ ನೀಲಿ ಇವನ ಕೈಯದು. ಥರ್ಮಾಮೀಟರ್ ಇಲ್ಲ, ತಕ್ಕಡಿ ಇಲ್ಲ. ಬಣ್ಣದ ಬಾನಿಯ ನೀರಿಗೆ ಕೈ ಇಳಿಸುತ್ತಾನೆ, ಹೆಬ್ಬೆಟ್ಟು ತೋರುಬೆರಳು ತಿಕ್ಕುತ್ತಾನೆ, ನೀರಿನ ಜಾರು ನೋಡುತ್ತಾನೆ, “ಹೂಂ, ಬಂತು” ಅನ್ನುತ್ತಾನೆ. ಬಂದಿರುತ್ತದೆ.

ಹಿಂದಿನ ಶನಿವಾರ ಅವನು ಅಂಗಡಿಗೆ ಬಂದಿದ್ದು ಕರೆಯಲು. ಸಣ್ಣ ಮಗಳು ಶಬಾನಾಳ ನಿಶ್ಚಿತಾರ್ಥ, ಬರುವ ಶುಕ್ರವಾರ. ಹುಡುಗ ಬಾದಾಮಿಯ ಲಾಡ್ಜೊಂದರಲ್ಲಿ ಮ್ಯಾನೇಜರ್. ಮನೆ ಹುನಗುಂದ. ತಂದೆಯದು ಬೇಕರಿ.

ಕರೆದವನು ಎದ್ದು ಹೋಗಲಿಲ್ಲ. ತನ್ನ ಕೈಗಳನ್ನು ನೋಡಿಕೊಳ್ಳುತ್ತ ಕೂತ. ಮಣಿಕಟ್ಟಿನವರೆಗೆ ನೀಲಿ, ಉಗುರುಗಳಂತೂ ಕಪ್ಪು.

“ಅಕ್ಕಾರ, ಇದು ಹೋಗೂ ಹಂಗ ಏನಾರ ಐತೇನ್ರಿ?”

“ಯಾಕ? ಮೂವತ್ತು ವರ್ಷ ಇಲ್ಲದ್ದು ಈಗ್ಯಾಕ?”

ಅವರ ಮನೆತನದಲ್ಲಿ ಒಂದು ಪದ್ಧತಿ. ನಿಶ್ಚಯದ ದಿನ ಹೆಣ್ಣಿನ ತಂದೆ ತನ್ನ ಬೆರಳಿನಿಂದ ಒಂದು ಚಿಟಿಕೆ ಸಕ್ಕರೆ ಎತ್ತಿ ಬೀಗರ ಬಾಯಿಗೆ ಹಾಕಬೇಕು. ಅಲ್ಲಿಗೆ ಮಾತು ಪಕ್ಕಾ. ದೊಡ್ಡ ಮಗಳ ಸಲ ಇವನು ಹಾಗೆ ಕೈ ಎತ್ತಿದಾಗ ಆ ಕಡೆಯವರಲ್ಲಿ ಯಾರೋ ಒಬ್ಬರು, “ಏನ್ರಿ ಬೀಗರ, ಸಕ್ಕರಿಗೂ ಬಣ್ಣ ಹಾಕೀರೇನು?” ಅಂದರಂತೆ. ಎಲ್ಲರೂ ನಕ್ಕರಂತೆ. ಇವನೂ ನಕ್ಕನಂತೆ.

“ನಕ್ಕೆ ಖರೆ,” ಅಂದ. “ಆದ್ರ ಈ ಸಲ ಯಾರೂ ನಗಬಾರ್ದ್ರಿ.”

ಇಷ್ಟು ಕೇಳಿದ ಮೇಲೆ ನಾನು ಸುಮ್ಮನಿರುವವಳೇ?

ನಿಮಗೆ ತಿಳಿಯಲಿ ಅಂತ ಹೇಳುತ್ತೇನೆ. ನೂಲಿನ ಬಣ್ಣ ಕೆಟ್ಟರೆ ನಮ್ಮಲ್ಲಿ ಲಡಿಯನ್ನು (ನೂಲಿನ ಸುರುಳಿ) ಬಿಸಾಡುವುದಿಲ್ಲ. ಬಿಸಿನೀರಿಗೆ ಕಾಸ್ಟಿಕ್ ಸೋಡಾ ಹಾಕುತ್ತಾರೆ, ಹೈಡ್ರೋ ಅನ್ನುವ ಬಿಳಿ ಪುಡಿ ಹಾಕುತ್ತಾರೆ, ಲಡಿ ಅದ್ದುತ್ತಾರೆ. ಬಣ್ಣ ಬಿಟ್ಟುಕೊಡುತ್ತದೆ. ಆಮೇಲೆ ಹುಳಿ ನೀರು, ಕಾಸ್ಟಿಕ್ಕಿನ ಖಾರ ಕೊಲ್ಲಲು. ಕೊನೆಗೆ ಸೋಪಿನ ನೀರು. ಲಡಿ ಬೆಳ್ಳಗೆ ಹೊರಬರುತ್ತದೆ.

“ನೂಲಿಂದು ಹೋಗತೈತಿ, ಕೈದು ಹೋಗೂದಿಲ್ಲೇನು?” ಅಂದೆ.

ಅವನು ಅನುಮಾನಿಸಿದ. ಅದು ಅವನ ತಿಳಿವಳಿಕೆ. ಕಾಸ್ಟಿಕ್ ಏನು ಅಂತ ಅವನಿಗೆ ಗೊತ್ತು. “ಜ್ವಾಕಿ ಅಕ್ಕಾರ, ಅದು ಚುರುಚುರು ಅಂತೈತಿ.”

ಆಗ ನನ್ನೊಳಗಿನ ವ್ಯಾಪಾರಿ ಎದ್ದಳು. “ನೂಲಿಗೆ ಹಾಕೂದ್ರಾಗ ಕಾಲು ಭಾಗ ಹಾಕು. ಆದ್ರ ಒಂದ ಸಲಕ್ಕ ಬಿಡಬ್ಯಾಡ, ಮೂರು ಸಲ ಮಾಡು. ಸ್ವಲ್ಪ ಸ್ವಲ್ಪ ಹೋಗತೈತಿ. ಆಮ್ಯಾಲ ಲಿಂಬಿಹಣ್ಣು ಹಚ್ಚು, ಆಮ್ಯಾಲ ಸೋಪು.”

ಕಾಸ್ಟಿಕ್ಕಿನ ಜೊತೆಗೂ ಚೌಕಾಸಿ. ಒಂದೇ ಏಟಿಗೆ ಕೊಡಲಾಗದ್ದನ್ನು ಮೂರು ಕಂತು ಮಾಡಿದೆ. ಎಂಥ ಜಾಣೆ ನಾನು!

ರವಿವಾರ ಅವನು ಮಾಡಿದ. ಹೆಂಡತಿ ಬೀಬಿಜಾನ ಮಧ್ಯಾಹ್ನ ಫೋನು ಮಾಡಿ, “ಅಕ್ಕಾರ, ಇವರ ಕೈ ನೋಡಿ ನನಗ ಗುರ್ತ ಸಿಗವಲ್ದು, ಯಾರದೋ ಗಂಡನ ಕೈ ಅನಸ್ತೈತಿ” ಅಂತ ನಕ್ಕಳು. ನಾನೂ ನಕ್ಕೆ. ಸಂಜೆಗೆ ಕೈ ಬಿಸಿಯಾಯಿತು. ರಾತ್ರಿಗೆ ಉರಿ. ಸೋಮವಾರ ಮೆಟ್ಟಿಲ ಮೇಲೆ ಚೀಲ.

ಆ ಚೀಲ ಬಿಚ್ಚಿದ ಮೇಲಾದರೂ ನಾನು ಬುದ್ಧಿ ಕಲಿತೆನೇ? ಇಲ್ಲ. ದವಾಖಾನೆಗೆ ಹೋಗುವ ಬದಲು ಮೆಡಿಕಲ್ ಷಾಪಿಗೆ ಹೋದೆ. “ಕೈ ಉರಿ ಐತಿ, ಸ್ಟ್ರಾಂಗ್ ಇದ್ದದ್ದು ಕೊಡ್ರಿ” ಅಂದೆ. ಒಂದು ಟ್ಯೂಬ್ ಕೊಟ್ಟರು. ಹತ್ತು ಪರ್ಸೆಂಟ್ ಬಿಡಿಸಿಕೊಂಡೆ. (ಆ ಹೊತ್ತಿನಲ್ಲೂ!) ಹಚ್ಚಿ, ಮತ್ತೆ ಚೀಲ ಕಟ್ಟಿ ಕಳಿಸಿದೆ.

ಮಂಗಳವಾರ ಬೆಳಗ್ಗೆ ಬೀಬಿಜಾನಳ ಫೋನು. ಈ ಸಲ ನಗು ಇರಲಿಲ್ಲ. ಜ್ವರ ಬಂದಿತ್ತು. ಬಲಗೈಯ ನಡು ಬೆರಳು ಮಡಚಲು ಬರುತ್ತಿರಲಿಲ್ಲ. ಗುಳ್ಳೆ ಒಡೆದು ಹಾಸಿಗೆಗೆ ಅಂಟಿತ್ತು.

“ಅಕ್ಕಾರ, ಈ ಕೈ ಹೋದ್ರ ನಮ್ಮ ಮನಿ ಹೆಂಗ್ರಿ?” ಅಂದಳು. ಅಷ್ಟೇ ಅಂದಳು. ನೀವು ಹೇಳಿದ್ದರಿಂದಲೇ ಹೀಗಾಯಿತು ಅನ್ನಲಿಲ್ಲ. ಅಂದಿದ್ದರೆ ನಾನು ಏನಾದರೂ ಉತ್ತರ ಕೊಟ್ಟು ಹಗುರಾಗುತ್ತಿದ್ದೆ.

ಒಂಬತ್ತರ ಬಸ್ಸು. ಬಾಗಲಕೋಟೆಗೆ. ಕಿಟಕಿಯ ಹತ್ತಿರ ಅವನು, ಪಕ್ಕದಲ್ಲಿ ನಾನು. ಕೈಗಳು ಶಾಲಿನ ಒಳಗೆ. ರಸ್ತೆಯ ಪ್ರತಿ ತಗ್ಗಿಗೂ ಅವನ ದವಡೆ ಬಿಗಿಯುತ್ತಿತ್ತು, ನಾನು ಲೆಕ್ಕ ಹಾಕುತ್ತಿದ್ದೆ: ಮಂಗಳವಾರ, ಬುಧವಾರ, ಗುರುವಾರ. ಮೂರು ದಿನ. ಮೂರು ದಿನದಲ್ಲಿ ಒಂದು ಚಿಟಿಕೆ ಸಕ್ಕರೆ ಹಿಡಿಯುವಷ್ಟು ಆದರೆ ಸಾಕು.

ಹುನಗುಂದ ಸ್ಟ್ಯಾಂಡಿನಲ್ಲಿ ಬಸ್ಸು ನಿಂತಿತು. ರಾಜೇಸಾಬ ಒಮ್ಮೆಲೇ ತಲೆ ತಗ್ಗಿಸಿದ.

“ಯಾಕೋ?”

“ಬೀಗರು.”

ಹುಡುಗನ ತಂದೆ ಖಾಜಾಸಾಬ. ಬೇಕರಿ ಸ್ಟ್ಯಾಂಡಿನ ಎದುರಿಗೇ ಅಂತ ಇವನು ಹೇಳಿರಲಿಲ್ಲ, ನಾನು ಕೇಳಿರಲಿಲ್ಲ. ಆತ ನೋಡಿಯೇಬಿಟ್ಟಿದ್ದ. ಕೈಯಲ್ಲಿ ಖಾರಿ ಬಿಸ್ಕೀಟಿನ ಪೊಟ್ಟಣ ಹಿಡಿದು ಬಸ್ಸಿನ ಕಡೆಗೇ ಬಂದ, ಮುಖದ ತುಂಬ ನಗು.

“ಏನ್ ಬೀಗರ, ಹೇಳದ ಕೇಳದ ನಮ್ಮೂರ ದಾಟಿ ಹೊಂಟೀರಿ? ಬರ್ರಿ, ಇಳೀರಿ, ಚಾ ಕುಡದು ಹೋಗೀರಿ!”

ಅಂದವನೇ ಕಿಟಕಿಯೊಳಗೆ ಕೈ ಚಾಚಿದ.

ರಾಜೇಸಾಬನ ಕೈ ಶಾಲಿನಿಂದ ಹೊರಗೆ ಬರಲಿಲ್ಲ. “ಸಲಾಂ ಬೀಗರ,” ಅಂತ ಬಾಯಿಂದ ಮಾತ್ರ ಅಂದ. ಖಾಜಾಸಾಬನ ಕೈ ಗಾಳಿಯಲ್ಲಿ ನಿಂತಿತು. ನೀವೆಂದಾದರೂ ಹಾಗೆ ನಿಂತ ಕೈಯನ್ನು ಹತ್ತಿರದಿಂದ ನೋಡಿದ್ದೀರಾ? ಮೊದಲು ಬೆರಳುಗಳಿಗೆ ಗೊತ್ತಾಗುತ್ತದೆ, ಆಮೇಲೆ ಮುಖಕ್ಕೆ.

ನಾನು ಪೊಟ್ಟಣ ಕಸಿದುಕೊಂಡ ಹಾಗೆ ತೆಗೆದುಕೊಂಡೆ. “ಇವ್ರಿಗೆ ಜ್ವರಾ ಬಂದಾವ್ರಿ, ದವಾಖಾನಿಗೆ ಹೊಂಟೇವಿ.” ಅಷ್ಟರಲ್ಲಿ ಶಾಲು ಸ್ವಲ್ಪ ಜಾರಿತು. ಪ್ಲಾಸ್ಟಿಕ್ ಚೀಲದ ತುದಿ ಕಂಡಿತು. ಆತ ಅದನ್ನು ನೋಡಿದ. ಬಸ್ಸು ಹೊರಟಿತು.

ಶಿರೂರು ದಾಟುವವರೆಗೆ ನಾನು ಆ ಪೊಟ್ಟಣವನ್ನು ತೊಡೆಯ ಮೇಲೆ ಹಿಡಿದೇ ಕೂತಿದ್ದೆ.

ಬಾಗಲಕೋಟೆಯ ಚರ್ಮದ ಡಾಕ್ಟರು ಒಬ್ಬ ಹೆಣ್ಣುಮಗಳು. ನನ್ನ ಮಗಳ ವಯಸ್ಸು. ಕೈ ನೋಡಿದರು, ಮೂಸಿದರು, ಬೆರಳು ಒಂದೊಂದಾಗಿ ಮಡಚಲು ಹೇಳಿದರು. ನಡು ಬೆರಳು ಅರ್ಧಕ್ಕೆ ನಿಂತಿತು. ಆಮೇಲೆ ಏನೇನು ಮಾಡಿದಿರಿ ಅಂತ ಕೇಳಿದರು. ರಾಜೇಸಾಬ ನನ್ನ ಕಡೆ ನೋಡಿದ. ನಾನೇ ಹೇಳಿದೆ. ಕಾಸ್ಟಿಕ್, ಹೈಡ್ರೋ, ಮೂರು ಸಲ, ಲಿಂಬೆಹಣ್ಣು, ಸೋಪು, ಚೀಲ. ಟ್ಯೂಬನ್ನೂ ತೋರಿಸಿದೆ.

“ಯಾರ್ರೀ ಈ ಟ್ರೀಟ್‌ಮೆಂಟ್ ಕೊಟ್ಟ ಡಾಕ್ಟರು?”

“ನಾನ ರೀ.”

ಅವರು ಬೈಯಲಿಲ್ಲ. ಕನ್ನಡಕ ತೆಗೆದು ಒರೆಸಿದರು. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

“ಡಾಕ್ಟರ್, ನನಗ ಒಂದ ತಿಳೀವಲ್ದು,” ಅಂದೆ. “ಕಾಸ್ಟಿಕ್ ರವಿವಾರನ ತೊಳದು ಹೋಗೇತಿ. ಇವತ್ತು ಮಂಗಳವಾರ. ಇಲ್ಲದ್ದು ಹೆಂಗ ಸುಡತೈತಿ?”

“ಈಗ ಸುಡಾಕತ್ತಿದ್ದು ಬರೇ ಕಾಸ್ಟಿಕ್ ಅಲ್ರಿ ಅಮ್ಮಾ. ಇವರ ಚರ್ಮನ.”

ಆಮೇಲೆ ಅವರು ಹೇಳಿದ್ದನ್ನು ನಾನು ಮರೆಯಲಾರೆ. ನನ್ನಂಥವಳಿಗೂ ತಿಳಿಯುವ ಹಾಗೆ ಹೇಳಿದರು.

“ಚರ್ಮ ಅಂದ್ರ ಮೈಗೆ ಹೊದಸಿದ್ದ ಚೀಲ ಅಂತ ತಿಳಕೊಂಡೀರಿ. ಅದು ಚೀಲ ಅಲ್ಲ, ಓಣಿ. ಮ್ಯಾಲೆ ಸತ್ತ ಪದರ ಐತಿ, ಅದು ಓಣಿ ಗ್ವಾಡಿ. ಕೆಳಗ ಜೀವಂತ ಕೋಶಗಳು ಅದಾವ, ಒಂದಕ್ಕೊಂದು ಹತ್ತಿ ಕಟ್ಟಿದ್ದ ಮನಿ ಇದ್ದಂಗ. ಒಂದ ಮನಿಗೆ ಕಳ್ಳ ನುಗ್ಗಿದ ಅಂದ್ರ ಆ ಮನಿಯವ್ರು ಏನ್ ಮಾಡ್ತಾರ?”

“ಒದರತಾರ.”

“ಹೌದಲ್ಲ? ಪ್ರತಿ ಕೋಶದೊಳಗ ಆ ಒದರೂ ಸುದ್ದಿ ಮೊದಲ ತಯಾರ ಇರತೈತಿ. ಕೋಶ ಒಡೀತು ಅಂದ್ರ ಸುದ್ದಿ ಹೊರಗ ಚೆಲ್ಲತೈತಿ. ಬಾಜೂದ್ದು ಕೇಳತೈತಿ, ಅದೂ ಒದರತೈತಿ. ಅದರ ಬಾಜೂದ್ದೂ ಒದರತೈತಿ. ಆಗ ರಕ್ತದಾಗಿನ ಸಿಪಾಯಿಗಳು ಬಡಿಗಿ ಹಿಡಕೊಂಡು ಓಡಿ ಬರ್ತಾವ. ಕಳ್ಳ ಯಾವಾಗೋ ಓಡಿ ಹೋಗ್ಯಾನ. ಕತ್ತಲಾಗ ಇವ್ರು ಯಾರ ತಲಿ ಒಡೀಲಿ? ಸ್ವಂತ ಮನಿ ಬಾಗಲಾನ ಮುರೀತಾರ. ಈ ಬಾವು, ಈ ಕೆಂಪು, ಈ ಉರಿ, ಭಾಳಷ್ಟು ಅದ ಗದ್ದಲ.”

ನಾನು ರಾಜೇಸಾಬನ ಕೈ ನೋಡಿದೆ. ಆ ಊದಿದ ಬೆರಳುಗಳೊಳಗೆ ಒಂದು ಇಡೀ ಓಣಿ ಎದ್ದು ಕೂಗುತ್ತಿದೆ ಅನ್ನುವುದನ್ನು ಊಹಿಸಿ ನೋಡಿ.

“ಮತ್ತ ಸುಮ್ಮ ಮಾಡಸೂದು ಹೆಂಗ್ರಿ?”

“ಸುಮ್ಮ ಆಗ್ರಿ ಅಂತ ಹೇಳೂದ್ರಾಗೂ ಆ ಕೋಶಗಳದ್ದ ಭಾಳ ಪಾಲು ಐತಿ. ಗದ್ದಲ ಎಬ್ಬಸಾಕೂ ಅವಕ್ಕ ಗೊತ್ತು, ಇಳಸಾಕೂ ಗೊತ್ತು. ಆದ್ರ ನೀವು ಮತ್ತ ಮತ್ತ ಬಾಗಲಾ ಬಡದ್ರ ಅವು ಹೆಂಗ ಮಲಗಬೇಕು? ಕಾಲು ಭಾಗ ಹಾಕಿ ಮೂರು ಸಲ ಮಾಡಿದ್ವಿ ಅಂದ್ರಲ್ಲ? ಮೊದಲ್ನೇ ಸಲ ಗ್ವಾಡಿ ಬಿತ್ತು. ಎರಡನೇದು, ಮೂರನೇದು ಸೀದಾ ಮನಿಯೊಳಗ ಹೋತು. ಮ್ಯಾಲೆ ಲಿಂಬಿಹುಳಿ. ಆಮ್ಯಾಲ ಚೀಲ ಕಟ್ಟಿ ಒಳಗ ಬೇಯಿಸೀರಿ.”

ನನ್ನ ಕಂತುಗಳ ಜಾಣತನ ಅಲ್ಲಿ ಟೇಬಲ್ಲಿನ ಮೇಲೆ ಬಿದ್ದಿತ್ತು. ಯಾರೂ ಎತ್ತಿಕೊಳ್ಳಲಿಲ್ಲ.

ಡಾಕ್ಟರು ರಾಜೇಸಾಬನ ಕಡೆ ತಿರುಗಿದರು. “ಎಷ್ಟು ವರ್ಷದಿಂದ ಕೈ ತುರಸ್ತೈತಿ?”

ನಾನು ನಡುವೆ ಬಾಯಿ ಹಾಕಿದೆ. “ಇಲ್ರಿ, ಮೊದಲ ಏನೂ ಇರಲಿಲ್ಲ...”

“ಹನ್ನೆರಡು ವರ್ಷ ಆತ್ರಿ,” ಅಂದ ರಾಜೇಸಾಬ.

ನಾನು ಅವನ ಕಡೆ ತಿರುಗಿದೆ.

“ಸಂಜೀಕ ಭಾಳ್ರಿ. ಚಳಿಗಾಲದಾಗ ಸೀಳತಾವ. ಕೊಬ್ಬರಿಎಣ್ಣಿ ಹಚ್ಚಿ ಮಲಗತೇನ್ರಿ.” ಆಮೇಲೆ ತಾನೇ ನನ್ನ ಮಾನ ಕಾಯುವವನಂತೆ ಹೇಳಿದ: “ಒಮ್ಮಿ ರಬ್ಬರ್ ಗ್ಲೌಸ್ ತರಿಸಿಕೊಡ್ರಿ ಅಂತ ಅಕ್ಕಾರನ್ನ ಕೇಳಿದ್ನಿರಿ. ಗ್ಲೌಸ್ ಹಾಕ್ಕೊಂಡ್ರ ನೀರಿನ ಜಾರು ಹೆಂಗ ಗೊತ್ತಾಗತೈತಿ, ಬಣ್ಣ ಕೆಡತೈತಿ ಅಂದ್ರು. ಅವರಂದಿದ್ದು ಖರೇನ ಇತ್ರಿ. ಬಣ್ಣ ಕೈಗೇ ಗೊತ್ತಾಗಬೇಕು.”

ಅವನು ದೂರು ಹೇಳುತ್ತಿರಲಿಲ್ಲ. ನನ್ನನ್ನು ಬಿಡಿಸುತ್ತಿದ್ದ. ನನಗೆ ಆ ದಿನ ನೆನಪಾಯಿತು. ಗ್ಲೌಸ್ ಬೇಡ ಅಂತ ನಾನು ಅಷ್ಟು ಚೆಂದ ವಾದಿಸಿದ್ದೆ. ವಾದ ಗೆದ್ದ ಖುಷಿಗೆ ಅವನಿಗೆ ಚಹಾ ಕೂಡ ತರಿಸಿದ್ದೆ.

ಡಾಕ್ಟರು ಹೇಳಿದರು: “ಅಂದ್ರ ಹನ್ನೆರಡು ವರ್ಷದಿಂದ ಈ ಓಣಿ ಅರ್ಧ ಎಚ್ಚರನ ಐತಿ. ಸಣ್ಣ ಸಪ್ಪಳಕ್ಕೂ ಏಳತೈತಿ. ರವಿವಾರ ನೀವು ಮಾಡಿದ್ದು ಸಣ್ಣ ಸಪ್ಪಳ ಅಲ್ಲ.”

“ಶುಕ್ರವಾರದೊಳಗ ಆಗಬೇಕ್ರಿ ಡಾಕ್ಟರ್,” ಅಂದೆ. ಕೇಳದೆ ಹೇಗಿರಲಿ? “ಎಷ್ಟಾರ ಸ್ಟ್ರಾಂಗ್ ಇದ್ದದ್ದು ಕೊಡ್ರಿ. ಇಂಜೆಕ್ಷನ್ ಕೊಡ್ರಿ. ಪೂರಾ ಬ್ಯಾಡ, ಬಲಗೈ ಒಂದ ಆದ್ರ ಸಾಕು. ಎರಡ ಬೆರಳು ಆದ್ರ ಸಾಕು.”

ಪೂರ್ತಿ ಕೈಯಿಂದ ಎರಡು ಬೆರಳಿಗೆ ಇಳಿದಿದ್ದೆ. ಇದಕ್ಕಿಂತ ಕೆಳಗೆ ಯಾವ ವ್ಯಾಪಾರಿ ಇಳಿಯುತ್ತಾನೆ?

“ನಾ ನಿಮ್ಮ ಗಿರಾಕಿ ಅಲ್ರಿ ಅಮ್ಮಾ,” ಅಂದರು ಆ ಹುಡುಗಿ, ಮೆತ್ತಗೆ. “ಸೋಂಕು ಆಗಿರಬೌದು. ಗುಳಿಗಿ ಬರೀತೇನಿ. ಹಚ್ಚಾಕೂ ಕೊಡತೇನಿ, ನಾ ಹೇಳಿದಷ್ಟ ದಿನ ಅಷ್ಟ. ನಿಮ್ಮ ಟ್ಯೂಬ್ ಇಲ್ಲೇ ಬಿಟ್ಟು ಹೋಗ್ರಿ. ಎರಡು ದಿನದಾಗ ಬೆರಳು ಮಡಚಾಕ ಬರಲಿಲ್ಲ ಅಂದ್ರ ಅಡ್ಮಿಟ್. ನೀರು ಬಿಟ್ಟು ಸೋಪು, ಸೋಡಾ, ಬಣ್ಣ, ಯಾವ್ದೂ ಮುಟ್ಟಂಗಿಲ್ಲ. ಎರಡು ತಿಂಗಳು.”

“ಎರಡು ತಿಂಗಳು?” ಇಬ್ಬರೂ ಒಟ್ಟಿಗೇ ಕೇಳಿದೆವು.

“ಮ್ಯಾಲೆ ಲಗೂನ ಚಂದ ಕಾಣತೈತಿ. ಒಳಗ ಗ್ವಾಡಿ ಕಟ್ಟಾಕ ಟೈಮ್ ಬೇಕು. ಮ್ಯಾಲಿಂದು ನೋಡಿ ಮೋಸ ಹೋಗಬ್ಯಾಡ್ರಿ.”

ಹೊರಗೆ ಬೆಂಚಿನ ಮೇಲೆ ಕೂತಾಗ ಫೋನು ಬಂತು. ಬೀಬಿಜಾನ. ಅವಳ ದನಿ ಸಣ್ಣದಾಗಿತ್ತು. ಹುನಗುಂದದಿಂದ ಖಾಜಾಸಾಬನ ಹೆಂಡತಿ ಜೈನಾಬಿ ಫೋನು ಮಾಡಿದ್ದಳಂತೆ. ನಿಮ್ಮ ಮನೆಯವರು ಕೈ ಮುಚ್ಚಿಕೊಂಡು ಹೋದರಂತಲ್ಲ, ಏನು ರೋಗ? ಮೊದಲೇ ಯಾಕೆ ಹೇಳಲಿಲ್ಲ? ನಮ್ಮದು ತಿನ್ನುವ ಪದಾರ್ಥದ ವ್ಯಾಪಾರ. ಶುಕ್ರವಾರದ್ದು ಸ್ವಲ್ಪ ತಡೆಯಿರಿ.

ತಡೆಯಿರಿ. ನಮ್ಮ ಕಡೆ ಈ ಮಾತಿನ ಅರ್ಥ ನಿಮಗೆ ಬೇರೆ ಹೇಳಬೇಕೇ?

ರಾಜೇಸಾಬ ಕೇಳಿಸಿಕೊಂಡ. ಡಾಕ್ಟರು ಕಟ್ಟಿದ ಬಿಳಿ ಬ್ಯಾಂಡೇಜನ್ನು ನೋಡುತ್ತ ಕೂತ. “ನೀಲಿನ ಇರಬೇಕಿತ್ತ್ರಿ,” ಅಂದ. “ನಗತಿದ್ರು, ಅಷ್ಟ. ನಕ್ಕು ಸಕ್ಕರಿ ತಿಂತಿದ್ರು.”

ವಾಪಸ್ ಬರುವಾಗ ಹುನಗುಂದದಲ್ಲಿ ನಾನು ಎದ್ದು ನಿಂತೆ. “ಇಳಿ.”

“ಬ್ಯಾಡ್ರಿ ಅಕ್ಕಾರ.”

“ಇಳೀ ಅಂದ್ನಿ.”

ಮನೆ ಬೇಕರಿಯ ಹಿಂದೆಯೇ. ಖಾಜಾಸಾಬ ಕುರ್ಚಿ ಹಾಕಿದ, ಚಹಾ ತರಿಸಿದ, ಕೈ ಮಾತ್ರ ಚಾಚಲಿಲ್ಲ. ಎದುರಿಗೆ ಜೈನಾಬಿ ಕೂತಳು. ಗಲ್ಲಕ್ಕೆ ಹಿಟ್ಟು ಹತ್ತಿತ್ತು, ಕಣ್ಣು ನೆಟ್ಟಗೆ ಬ್ಯಾಂಡೇಜಿನ ಮೇಲೆ.

ದಾರಿಯುದ್ದಕ್ಕೂ ನಾನೊಂದು ಮಾತು ತಯಾರಿಸಿಕೊಂಡಿದ್ದೆ. ಬಿಸಿನೀರು ಬಿತ್ತು, ಸುಟ್ಟಿತು. ಚಿಕ್ಕ ಸುಳ್ಳು. ಯಾರಿಗೂ ನೋವಿಲ್ಲ, ನನಗಂತೂ ಇಲ್ಲವೇ ಇಲ್ಲ.

“ಬಿಸಿನೀರು ಬಿತ್ತ್ರಿ...” ಅಂತ ಶುರು ಮಾಡಿದೆ.

“ಎರಡೂ ಕೈ ಮ್ಯಾಲ? ಸರಿಸಮ? ಮಣಿಕಟ್ಟಿನ ತನಕ ಅಳತಿ ಮಾಡಿ ಬಿತ್ತೇನ್ರಿ?” ಅಂದಳು ಜೈನಾಬಿ.

ಇಪ್ಪತ್ತೈದು ವರ್ಷ ವ್ಯಾಪಾರ ಮಾಡಿದವಳು ನಾನು. ಎದುರಿನವರು ನನಗಿಂತ ಜಾಣರು ಅನ್ನುವುದು ಒಂದೇ ಮಾತಿನಲ್ಲಿ ಗೊತ್ತಾಗುತ್ತದೆ.

“ಖರೆ ಹೇಳ್ರಿ. ಹರಡತೈತೇನು?”

ರಾಜೇಸಾಬ ಎದ್ದು ನಿಂತಿದ್ದ. ಹೊರಡಲು. ಅವನ ಬೆನ್ನು ನೋಡಿದೆ. ಸುಳ್ಳು ಉಳಿದರೆ ರೋಗಿಷ್ಟನ ಮಗಳು ಅನ್ನುವ ಹೆಸರು ಶಬಾನಾಗೆ ಉಳಿಯುತ್ತದೆ. ಸತ್ಯ ಹೇಳಿದರೆ ಉಳಿಯುವುದು ನನ್ನ ಹೆಸರು.

“ಹರಡೂದಿಲ್ರಿ,” ಅಂದೆ. “ಇದು ರೋಗ ಅಲ್ಲ. ನಾ ಹೇಳಿದ ಉಪಾಯ.”

ಎಲ್ಲ ಹೇಳಿದೆ. ಹಿಂದಿನ ಸಲದ ಸಕ್ಕರೆಯ ನಗೆ. ಕೈ ಸ್ವಚ್ಛ ಮಾಡುವ ಆಸೆ. ಕೈಯನ್ನು ಲಡಿ ಅಂತ ತಿಳಿದು ಹೈಡ್ರೋ, ಹುಳಿ, ಸೋಪು ಕೊಟ್ಟದ್ದು. ನೂಲು ಸತ್ತದ್ದು, ಸುಮ್ಮನಿರುತ್ತದೆ. ಚರ್ಮ ಬದುಕಿದ್ದು, ಒದರುತ್ತದೆ. ಹನ್ನೆರಡು ವರ್ಷದ ತುರಿಕೆ. ಕೇಳಿದ ಗ್ಲೌಸ್. ಅದನ್ನೂ ಹೇಳಿದೆ. ಡಾಕ್ಟರ ಚೀಟಿಯನ್ನು ಮುಂದಿಟ್ಟೆ. “ಅನುಮಾನ ಇದ್ರ ಈಗ ಫೋನ್ ಹಚ್ಚಿ ಕೇಳ್ರಿ.”

ಖಾಜಾಸಾಬ ಚೀಟಿಯನ್ನು ಮುಟ್ಟಲಿಲ್ಲ. ಜೈನಾಬಿ ಮುಟ್ಟಿದಳು. ಓದಿದಳು, ಮಡಚಿ ವಾಪಸ್ ಕೊಟ್ಟಳು. ಆಮೇಲೆ ನನ್ನನ್ನು ನೋಡಿ ಹೇಳಿದಳು:

“ಹ್ವಾದ ವರ್ಷ ನಿಮ್ಮ ಅಂಗಡ್ಯಾಗ ನೀಲಿ ಸೀರಿ ತಗೊಂಡಿದ್ನಿರಿ. ಬಣ್ಣ ಚಲೋ ಬಂದೈತಿ ಅಂತ ಹತ್ತು ಸಲ ಹೇಳಿದ್ರಿ. ಯಾರ ಕೈಲಿಂದ ಬಂದೈತಿ ಅಂತ ಒಂದ ಸಲಾನೂ ಹೇಳಲಿಲ್ಲ.”

ನಾನು ಚೀಟಿಯನ್ನು ಪರ್ಸಿಗೆ ಹಾಕಿದೆ.

ಅವಳು ಗಂಡನ ಕಡೆ ತಿರುಗಿದಳು. “ಏನ್ ನೋಡ್ತೀರಿ? ಬೀಗರು ನಿಂತಾರ, ಕುಂಡ್ರಸ್ರಿ. ಜ್ವರಾ ಬಂದ ಮನಶ್ಯಾಗ ಬರೀ ಚಾ ಕುಡಸ್ತೀರೇನು?” ಆಮೇಲೆ ರಾಜೇಸಾಬನಿಗೆ: “ಶುಕ್ರವಾರ ಶುಕ್ರವಾರನ. ಆದ್ರ ಒಂದ ಮಾತು ಬೀಗರ. ಸಕ್ಕರಿ ನಿಮ್ಮ ಕೈಲೇನ ಆಗಬೇಕು. ಚಮಚಾ ಗಿಮಚಾ ನಡಿಯೂದಿಲ್ಲ.”

ರಾಜೇಸಾಬ ಕೂತ. ಅವನ ಕಣ್ಣಿಗೆ ಬಂದದ್ದನ್ನು ಒರೆಸಿಕೊಳ್ಳಲು ಅವನಿಗೆ ಕೈ ಇರಲಿಲ್ಲ. ಖಾಜಾಸಾಬ ತನ್ನ ಹೆಗಲ ಟವಲ್ಲಿನಿಂದ ಒರೆಸಿದ.

ಬುಧವಾರ ಬೆರಳು ಮಡಚಲು ಬರಲಿಲ್ಲ. ಗುರುವಾರ ಮಧ್ಯಾಹ್ನದವರೆಗೂ ಇಲ್ಲ. ನಾನು ಎರಡು ಗಂಟೆಗೊಮ್ಮೆ ಫೋನು ಮಾಡುತ್ತಿದ್ದೆ. ಅಡ್ಮಿಟ್ ಆಗಲು ಬಟ್ಟೆ ಕಟ್ಟಿಟ್ಟಿದ್ದರು. ಗುರುವಾರ ಸಂಜೆ ಜ್ವರ ಇಳಿಯಿತು. ರಾತ್ರಿ ಊಟದ ಹೊತ್ತಿಗೆ ಬೀಬಿಜಾನ ಒಂದೇ ಮಾತು ಹೇಳಿದಳು: “ರೊಟ್ಟಿ ಮುರದ್ರು ಅಕ್ಕಾರ.”

ಶುಕ್ರವಾರ ಹುಡುಗನ ಕಡೆಯವರು ಇಳಕಲ್ಲಿಗೆ ಬಂದರು. ತಟ್ಟೆಯಲ್ಲಿ ಸಕ್ಕರೆ. ರಾಜೇಸಾಬ ಬ್ಯಾಂಡೇಜ್ ಬಿಚ್ಚಿದ. ಮೇಲಿನ ಚರ್ಮ ಸುಲಿಯುತ್ತಿತ್ತು, ಕೆಳಗೆ ಹೊಸದು, ಗುಲಾಬಿ, ತೆಳು. ಎಲ್ಲರೂ ನೋಡಿದರು. ನಡು ಬೆರಳು ಮಡಚುತ್ತಿತ್ತು, ಆದರೆ ಹಿಡಿತ ಇರಲಿಲ್ಲ. ಹೆಬ್ಬೆಟ್ಟು, ತೋರುಬೆರಳು, ಎರಡೇ. ಬಾನಿಯ ನೀರಿನ ಜಾರು ನೋಡುವ ಅದೇ ಎರಡು. ಸಕ್ಕರೆ ಅರ್ಧ ತಟ್ಟೆಗೇ ಉದುರಿತು. ಉಳಿದದ್ದನ್ನು ಖಾಜಾಸಾಬ ಬಾಯಿ ಮುಂದೆ ತಂದು ತೆಗೆದುಕೊಂಡ.

ಯಾರೂ ನಗಲಿಲ್ಲ.

ಇಲ್ಲಿಗೆ ಮುಗಿಸಿದರೆ ನಿಮಗೆ ಹಿತ, ನನಗೂ ಹಿತ. ಆದರೆ ಕೈಯ ವಿಷಯ ಮುಗಿದಿಲ್ಲ. ಈಗ ಆರು ವಾರವಾಯಿತು. ಮೇಲೆ ನೋಡಿದರೆ ಕೈ ಪೂರಾ ವಾಸಿ. “ಈಗ ಕೆಲಸಕ್ಕ ಇಳದು ಬಿಡಲೇನ್ರಿ?” ಅಂತ ಅವನೂ ಕೇಳುತ್ತಾನೆ. ಬೇಡ ಅಂತ ನಾನೇ ತಡೆದಿದ್ದೇನೆ. (ಜೀವನದಲ್ಲಿ ಮೊದಲ ಸಲ ಒಂದು ಕೆಲಸ ತಡವಾಗಲಿ ಅಂತ ಜಗಳ ಮಾಡುತ್ತಿದ್ದೇನೆ.) ಬಾನಿಯ ಮುಂದೆ ಈಗ ಬೀಬಿಜಾನ ನಿಲ್ಲುತ್ತಾಳೆ. ಒಳಗೆ ಹತ್ತಿಯ ಗ್ಲೌಸ್, ಮೇಲೆ ಮೊಣಕೈವರೆಗೆ ರಬ್ಬರ್ ಗ್ಲೌಸ್. ನಾನೇ ತರಿಸಿದ್ದು. ರಾಜೇಸಾಬ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಬಾಯಿಯಲ್ಲಿ ಹೇಳುತ್ತಾನೆ.

“ಹೆಂಗ ಐತಿ ಜಾರು?”

“ಗ್ಲೌಸ್ ಮ್ಯಾಲ ಏನ್ ತಿಳೀತೈತ್ರಿ? ಜಾರು ಜಾರ ಐತಿ.”

“ಎಷ್ಟು ಜಾರು? ಅದು... ಹಂಗಲ್ಲ... ಬೆರಳಿಗೆ ಒಂಥರಾ...” ಅಂತ ನಿಲ್ಲಿಸುತ್ತಾನೆ. ಮೂವತ್ತು ವರ್ಷ ಬೆರಳಿಗೆ ಗೊತ್ತಿದ್ದದ್ದು ಬಾಯಿಗೆ ಬರುವುದಿಲ್ಲ. ಅವನ ಹೆಬ್ಬೆಟ್ಟು ತೋರುಬೆರಳು ಗಾಳಿಯಲ್ಲೇ ತಿಕ್ಕುತ್ತಿರುತ್ತವೆ.

ಒಂದು ಸಲಹೆ ಕೊಟ್ಟೇಬಿಡುತ್ತೇನೆ, ಹುಟ್ಟುಗುಣ. ಬಣ್ಣ, ಸಿಮೆಂಟು, ಬ್ಲೀಚಿಂಗ್, ಫಿನಾಯಿಲ್, ಏನೇ ಮುಟ್ಟುವವರಿರಲಿ ನಿಮ್ಮ ಮನೆಯಲ್ಲಿ, ಇವತ್ತು ಸಂಜೆ ಅವರ ಕೈಯನ್ನು ಬೆಳಕಿಗೆ ಹಿಡಿದು ನೋಡಿ. ತುರಿಕೆ ಇದೆಯಾ ಅಂತ ಕೇಳಿ. ಕೇಳದೆ ಅವರು ಹೇಳುವುದಿಲ್ಲ. ಹನ್ನೆರಡು ವರ್ಷ ಹೇಳುವುದಿಲ್ಲ. ಕೈಗೆ ಏನಾದರೂ ಬಿದ್ದರೆ ಹುಳಿ ಬೇಡ, ಚೀಲ ಬೇಡ, ನನ್ನಂಥವರ ಮಾತಂತೂ ಬೇಡವೇ ಬೇಡ. ನೀರು. ಧಾರಾಳ ನೀರು. ಆಮೇಲೆ ಡಾಕ್ಟರು.

ಮತ್ತೆ ಆ ಹೊಸ ನೂಲು. ಬೀಬಿಜಾನ ಗ್ಲೌಸ್ ಹಾಕಿಕೊಂಡು ಅದ್ದಿದ ಮೊದಲ ಲಡಿಗಳಿಂದ ನೇಯ್ದ ಎಂಟು ಸೀರೆ ಮೊನ್ನೆ ಅಂಗಡಿಗೆ ಬಂದಿವೆ. ಬಿಸಿಲಿಗೆ ಹಿಡಿದು ನೋಡಿದೆ. ನೀಲಿ ಹಳೆಯದಕ್ಕಿಂತ ಒಂದು ಎಳೆ ತಿಳಿ, ಒಂದೆರಡು ಕಡೆ ಸ್ವಲ್ಪ ಹೆಚ್ಚುಕಡಿಮೆ.

ನಾಳೆ ನೀವು ಬಂದು ಅದೇ ಜಾಗದ ಮೇಲೆ ಬೆರಳಿಟ್ಟು, ಬೆಲೆಯಲ್ಲಿ ಎಷ್ಟು ಬಿಡುತ್ತೀರಿ ಅಂತ ಕೇಳುತ್ತೀರಾ?